ಅಣ್ಣಾವ್ರು ಕಾಡಿನಲ್ಲಿದ್ದಾಗ ಕೋರ್ಟಿಗೆ ಹೋದ ಅಪ್ಪ

2000ನೇ ಇಸವಿಯ ಆಗಸ್ಟ್. ನಾನು ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎಳೆದುಕೊಂಡು ಹೋಗಿದ್ದ. ಹಾಸ್ಟೆಲಿನಲ್ಲಿ ಒಂದೇ ಟಿವಿ. ರಾತ್ರಿ ಊಟದ ತಟ್ಟೆ ಹಿಡಿದುಕೊಂಡೇ ಅದರ ಮುಂದೆ ನಿಲ್ಲುತ್ತಿದ್ದೆವು. ಸಿನಿಮಾ ಹುಚ್ಚಿಲ್ಲದವರೂ ನಿಲ್ಲುತ್ತಿದ್ದರು. ಮನೆಯ ಹಿರಿಯರನ್ನೇ ಯಾರೋ ಕರೆದೊಯ್ದ ಹಾಗಿತ್ತು.

ಕಾಡಿನಿಂದ ಬೇಡಿಕೆಗಳ ಪಟ್ಟಿ ಬಂತು. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಹೀಗೆ ಏನೇನೋ. ಅದರಲ್ಲಿ ಒಂದು, ಭಯೋತ್ಪಾದನೆ ತಡೆಯಲು ಮಾಡಿದ ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿದ್ದ ಕೈದಿಗಳನ್ನು ಬಿಡಬೇಕು ಎನ್ನುವುದು. ಐವತ್ತಕ್ಕೂ ಹೆಚ್ಚು ಜನ. ಸರ್ಕಾರ ಒಪ್ಪಿತು. ಸರ್ಕಾರಿ ವಕೀಲರು ಕೋರ್ಟಿನಲ್ಲಿ ಟಾಡಾ ಆರೋಪಗಳನ್ನು ಹಿಂದಕ್ಕೆ ಪಡೆಯಲು ಅರ್ಜಿ ಹಾಕಿದರು. ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಕೊಟ್ಟು ಬಿಡ್ಲಿ, ಏನು ಬೇಕೋ ಕೊಟ್ಟು ಬಿಡ್ಲಿ, ಅಣ್ಣಾವ್ರು ಬರ್ಲಿ.

ಆಗ ಒಬ್ಬರು ಅಡ್ಡ ನಿಂತರು. ಅಬ್ದುಲ್ ಕರೀಂ. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಅವರ ಮಗ ಶಕೀಲ್ ಅಹ್ಮದ್ ಸಬ್ ಇನ್ಸ್‌ಪೆಕ್ಟರ್. 1992ರ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಮೀಣ್ಯಂ ಹತ್ತಿರ ವೀರಪ್ಪನ್ ತಂಡ ಹೊಂಚು ಹಾಕಿ ಎಸ್‌ಪಿ ಹರಿಕೃಷ್ಣ, ಈ ಶಕೀಲ್ ಮತ್ತು ಇನ್ನೂ ನಾಲ್ವರು ಪೊಲೀಸರನ್ನು ಕೊಂದಿತ್ತು. ಎಂಟು ವರ್ಷ ಆದ ಮೇಲೆ, ಆ ಗುಂಪಿನವರು ಎಂದು ಜೈಲಿನಲ್ಲಿಟ್ಟವರನ್ನು ಹೀಗೆ ಬಿಡುತ್ತಾರೆ ಎಂದು ಗೊತ್ತಾದಾಗ ಆ ಅಪ್ಪ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ತಡೆ ಕೊಟ್ಟಿತು.

ಹಾಸ್ಟೆಲಿನಲ್ಲಿ ಅವತ್ತು ಅವರಿಗೆ ಬಿದ್ದ ಬೈಗುಳ ಒಂದೆರಡಲ್ಲ. ನಾನೂ ಬೈದೆ. ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ: "ಸತ್ತೋದ ಮಗ ಏನು ವಾಪಸ್ ಬರ್ತಾನಾ?" ಹತ್ತೊಂಬತ್ತರ ವಯಸ್ಸು ಎಂದು ನೆಪ ಹೇಳಬಹುದು. ಆದರೆ ದೊಡ್ಡವರೂ ಅದನ್ನೇ ಹೇಳುತ್ತಿದ್ದರು. ಮನಸ್ಸಿನೊಳಗೇ ನಾವು ತಕ್ಕಡಿ ಹಿಡಿದು ತೂಗಿಬಿಟ್ಟಿದ್ದೆವು. ಒಂದು ಕಡೆ ಅಣ್ಣಾವ್ರು, ಇನ್ನೊಂದು ಕಡೆ ಯಾರದೋ ಮಗ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ಹಾಗೆ. ಇಲ್ಲಿ ತಳ್ಳುವ ಕೆಲಸವೂ ಇರಲಿಲ್ಲ. ಮಗ ಆಗಲೇ ಬಾವಿಯಲ್ಲಿದ್ದ.

ಈಗ ಯೋಚಿಸಿದರೆ ಬೇರೆಯದೇ ಕಾಣುತ್ತದೆ. ಆ ಅಪ್ಪ ಕೇಳಿದ್ದು ಏನನ್ನು? ಯಾರ ರಕ್ತವನ್ನೂ ಕೇಳಲಿಲ್ಲ. ಕೇಸು ನಡೆಯಲಿ ಎಂದರು, ಅಷ್ಟೇ. ಸಾಕ್ಷಿ ಬರಲಿ, ವಾದ ಆಗಲಿ, ತಪ್ಪಿತಸ್ಥರು ಯಾರು, ಅಲ್ಲದವರು ಯಾರು ಎಂದು ಜಡ್ಜ್ ಹೇಳಲಿ. ಸೇಡಿಗೂ ನ್ಯಾಯಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಅರ್ಜಿ. ಮಗನ ಸಾವಿನ ಬಗ್ಗೆ ಒಂದು ವಿಚಾರಣೆ ಪೂರ್ತಿ ಆಗಲಿ ಎಂದು ಕೇಳುವುದಕ್ಕೂ ಧೈರ್ಯ ಬೇಕಾದ ತಿಂಗಳುಗಳವು. ಇಡೀ ಕರ್ನಾಟಕ ಎದುರಿಗಿತ್ತು.

ನವೆಂಬರ್ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೇಸು ಹಿಂದಕ್ಕೆ ಪಡೆಯುವ ಮುಂಚೆ ಸರ್ಕಾರಿ ವಕೀಲರು ತಮ್ಮ ತಲೆ ಉಪಯೋಗಿಸಬೇಕು, ಸರ್ಕಾರ ಹೇಳಿತೆಂದು ಸಹಿ ಹಾಕುವುದಲ್ಲ ಎಂಬುದು ಅದರ ಸಾರ. ಒಬ್ಬ ಡಕಾಯಿತನನ್ನು ಹತ್ತು ವರ್ಷವಾದರೂ ಹಿಡಿಯಲಾಗದ ಸರ್ಕಾರಗಳಿಗೂ ಸರಿಯಾಗಿ ಬಿತ್ತು. ಕಾನೂನು ಓದುವವರು ಈಗಲೂ ಈ ತೀರ್ಪನ್ನು ಆ ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ತೀರ್ಪು ಬಂದು ಎಂಟು ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆ ಆದರು. 108 ದಿನ. ಹೇಗೆ ಬಿಟ್ಟ, ಯಾಕೆ ಬಿಟ್ಟ ಎನ್ನುವುದಕ್ಕೆ ಊರಿಗೊಂದು ಕಥೆ ಇದೆ. ಅದು ಇಲ್ಲಿ ಬೇಡ.

ಇಲ್ಲಿಗೆ ಮುಗಿಸಿದ್ದರೆ ಇದು ಚಂದದ ಕಥೆ ಆಗುತ್ತಿತ್ತು. ಒಳ್ಳೆಯ ಅಪ್ಪ, ಒಳ್ಳೆಯ ಕೋರ್ಟು. ಆದರೆ ಆ ಜೈಲಿನಲ್ಲಿದ್ದವರು ಯಾರು ಎಂದು ಹಾಸ್ಟೆಲಿನಲ್ಲಿ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1993ರ ಏಪ್ರಿಲ್ 9. ಮಾದಪ್ಪನ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿದರೆ ಪಾಲಾರ್ ಸಿಗುತ್ತದೆ, ಎರಡು ರಾಜ್ಯಗಳ ಗಡಿ. ಅದರ ಹತ್ತಿರದ ದಾರಿಯಲ್ಲಿ ವೀರಪ್ಪನ್ ನೆಲಬಾಂಬ್ ಹೂತಿಟ್ಟಿದ್ದ. 22 ಜನ ಸತ್ತರು. ಸತ್ತವರಲ್ಲಿ ಪೊಲೀಸರಿಗಿಂತ ಮಾಹಿತಿ ಕೊಡಲೆಂದು ಜೊತೆಗೆ ಕರೆತಂದಿದ್ದವರೇ ಜಾಸ್ತಿ. ಅದಾದ ಮೇಲೆ ಆ ಭಾಗದ ಊರುಗಳಲ್ಲಿ ಹಿಡಿದದ್ದೇ ಹಿಡಿದದ್ದು. ಟಾಡಾ ಹಾಕಿದರು. ಅದು ಎಂಥ ಕಾಯ್ದೆ ಎಂದರೆ, ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಕೋರ್ಟಿನಲ್ಲಿ ಸಾಕ್ಷಿ. ಜಾಮೀನು ಸಿಗುವುದು ಬಲು ಕಷ್ಟ. 1995ರಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಕಾಯ್ದೆ ಸತ್ತರೂ ಅದರಡಿ ಒಳಗೆ ಹೋದವರು ಒಳಗೇ ಇದ್ದರು.

ಆ ಊರಿನವರ ಪಾಡನ್ನು ಅತ್ತ ದರಿ ಇತ್ತ ಪುಲಿ ಎಂದರೂ ಕಡಿಮೆಯೇ. ರಾತ್ರಿ ಅವನು ಬಂದು ಅಕ್ಕಿ ಕೇಳುತ್ತಾನೆ. ಕೊಡದಿದ್ದರೆ ಉಳಿಗಾಲವಿಲ್ಲ. ಕೊಟ್ಟರೆ ಬೆಳಗ್ಗೆ ಎಸ್‌ಟಿಎಫ್, ಅವನನ್ನು ಹಿಡಿಯಲೆಂದೇ ಮಾಡಿದ ವಿಶೇಷ ಪೊಲೀಸ್ ಪಡೆ, ಬರುತ್ತದೆ. ಅವರಿಗೆ ಹೇಳಿದರೆ ಮತ್ತೆ ಇವನು ಬರುತ್ತಾನೆ, ಮಾಹಿತಿದಾರ ಎಂದು ಕಡಿಯುತ್ತಾನೆ. ವೀರಪ್ಪನ್ ಸಿಗಲಿಲ್ಲ. ಸಿಕ್ಕವರು ಇವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾದಪ್ಪನ ಬೆಟ್ಟದ ಎಸ್‌ಟಿಎಫ್ ಕ್ಯಾಂಪಿನಲ್ಲಿ ಜನರನ್ನು ವಿಚಾರಣೆ ಮಾಡುವ ಒಂದು ಜಾಗ ಇತ್ತು. ಅದಕ್ಕೆ ಜನ ಹೇಳುತ್ತಿದ್ದ ಹೆಸರು 'ವರ್ಕ್‌ಶಾಪ್'. ಕೆಟ್ಟುಹೋದ ಗಾಡಿ ರಿಪೇರಿ ಮಾಡುವ ಜಾಗದ ಹೆಸರು. ಅಲ್ಲಿ ಏನೇನಾಯಿತು ಎಂದು ಜನ ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಕೊನೆಗೆ 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೊಡೆತ, ಕರೆಂಟ್ ಶಾಕ್, ಹೆಂಗಸರ ಮೇಲಿನ ಅತ್ಯಾಚಾರ, ದಾಖಲೆ ಇಲ್ಲದೆ ಕೂಡಿಟ್ಟದ್ದು, ಎಲ್ಲವನ್ನೂ ಜನ ಬಂದು ಸಮಿತಿಯ ಮುಂದೆ ಹೇಳಿದರು. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಭಾಗಿಸಿ ನೋಡಿದರೆ ತಲೆಗೆ ಮೂರು ಲಕ್ಷದ ಮೇಲೆ ಚಿಲ್ಲರೆ. ಅದಕ್ಕೆ ಎರಡೂಕಾಲು ವರ್ಷ ಮುಂಚೆ ವೀರಪ್ಪನ್ ಸತ್ತಾಗ, ತಮಿಳುನಾಡು ಸರ್ಕಾರ ತನ್ನ ಎಸ್‌ಟಿಎಫ್‌ನ ಪ್ರತಿಯೊಬ್ಬರಿಗೂ ಬಹುಮಾನ ಕೊಟ್ಟಿತ್ತು. ಅದೂ ಮೂರು ಲಕ್ಷ. ಜೊತೆಗೆ ಒಂದು ಸೈಟು, ಒಂದು ಬಡ್ತಿ. ಎರಡು ಮೊತ್ತವೂ ಹೆಚ್ಚುಕಡಿಮೆ ಒಂದೇ ಆದದ್ದು ಆಕಸ್ಮಿಕ ಇರಬಹುದು. ನನಗಂತೂ ಆ ಅಂಕಿಗಳನ್ನು ಅಕ್ಕಪಕ್ಕ ಇಟ್ಟ ದಿನ ಊಟ ಸೇರಲಿಲ್ಲ.

ಕಾಡಿನಲ್ಲಿ ವರ್ಷಗಟ್ಟಲೆ ಪ್ರಾಣ ಒತ್ತೆಯಿಟ್ಟು ದುಡಿದ ಪೊಲೀಸರನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಶಕೀಲ್ ಅಹ್ಮದ್ ಕೂಡ ಅಂಥವರೇ ಅಲ್ವಾ? ನನ್ನನ್ನು ಕಾಡುವುದು ಬೇರೆ. ಮೀಣ್ಯಂನಲ್ಲಿ ಹೊಂಚು ಹಾಕಿದ ಬಂದೂಕಿಗೂ ಬೆಟ್ಟದ ಆ ಕೋಣೆಯಲ್ಲಿ ಕರೆಂಟು ಕೊಟ್ಟ ತಂತಿಗೂ ಒಂದು ವಿಷಯದಲ್ಲಿ ಸಾಮ್ಯ ಇದೆ. ಎರಡೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಯಾರನ್ನು ಕರೆತಂದೆವು, ಯಾಕೆ, ಯಾವ ತಾರೀಕು, ಎಷ್ಟು ದಿನ ಇಟ್ಟೆವು ಎಂದು ಬರೆಯುವ ಪುಸ್ತಕ ಅಲ್ಲಿ ಇಲ್ಲ.

ಕೋರ್ಟೂ ಹಿಂಸೆಯೇ ಮಾಡುತ್ತದೆ. ಇದನ್ನು ನಾವು ಒಪ್ಪಿಕೊಳ್ಳುವುದಿಲ್ಲ, ಶಿಕ್ಷೆ ಎಂದು ಬೇರೆ ಹೆಸರಿಡುತ್ತೇವೆ. ಒಬ್ಬ ಮನುಷ್ಯನನ್ನು ಹೆಂಡತಿ ಮಕ್ಕಳಿಂದ ಬಿಡಿಸಿ ಕಬ್ಬಿಣದ ಬಾಗಿಲ ಹಿಂದೆ ಕೂಡಿಹಾಕುವುದು ಹಿಂಸೆ ಅಲ್ಲದೆ ಇನ್ನೇನು? ನೇಣಂತೂ ಸರಿಯೇ ಸರಿ. ಆದರೆ ಆ ಹಿಂಸೆ ತನ್ನ ಕಾರಣವನ್ನು ಕಾಗದದ ಮೇಲೆ ಬರೆಯಬೇಕು. ತಪ್ಪು ಎಂದು ಯಾರಾದರೂ ಮೇಲಿನ ಕೋರ್ಟಿಗೆ ಹೋಗಬಹುದು. ಹೊಡೆದವನು ತನ್ನ ಹೆಸರು, ಕಾರಣ ಎರಡನ್ನೂ ಹೇಳಬೇಕಾದ ಏರ್ಪಾಡು ಇದೆಯಲ್ಲ, ನನ್ನ ಮಟ್ಟಿಗೆ ನ್ಯಾಯ ಶುರುವಾಗುವುದೇ ಅಲ್ಲಿಂದ. ಪೂರ್ತಿ ಆಗುತ್ತದೆ ಎಂದು ಹೇಳಲಾರೆ.

ಯಾಕೆಂದರೆ ಕಾಗದವೂ ಕೈ ಕೊಡುತ್ತದೆ. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಿತು. ನೂರಕ್ಕೂ ಹೆಚ್ಚು ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆ. ಏಳೆಂಟು ವರ್ಷ ಒಳಗೆ ಕೂತು, ಆಮೇಲೆ 'ನಿನ್ನ ಮೇಲೆ ಸಾಕ್ಷಿ ಇಲ್ಲ, ಹೋಗು'. ಪಾಲಾರ್ ಸ್ಫೋಟದಲ್ಲಿ ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಜೀವಾವಧಿ ಆಯಿತು. ಶಿಕ್ಷೆ ತಪ್ಪು ಎಂದು ಅವರು ಸುಪ್ರೀಂ ಕೋರ್ಟಿಗೆ ಅಪೀಲು ಹೋದರು. ಅಲ್ಲಿ ಕೋರ್ಟು ತಾನಾಗಿಯೇ, ಶಿಕ್ಷೆ ಯಾಕೆ ಹೆಚ್ಚಿಸಬಾರದು ಎಂದು ನೋಟಿಸ್ ಕೊಟ್ಟಿತು. 2004ರ ಜನವರಿಯಲ್ಲಿ ಜೀವಾವಧಿ ಹೋಗಿ ಗಲ್ಲು ಬಂತು. ಬಾಗಿಲು ತಟ್ಟಿದ್ದಕ್ಕೆ ಬಿದ್ದ ಏಟು ಅದು.

ಕ್ಷಮಾದಾನ ಕೇಳಿ ರಾಷ್ಟ್ರಪತಿಗೆ ಅರ್ಜಿ ಹೋಯಿತು. ಒಂಬತ್ತು ವರ್ಷ ಉತ್ತರ ಇಲ್ಲ. 2013ರ ಫೆಬ್ರುವರಿಯಲ್ಲಿ ತಿರಸ್ಕಾರ. ಆಗ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು, ನೇಣುಗಂಬ ಇರುವ ಜೈಲು. ಕೊನೆ ಗಳಿಗೆಯಲ್ಲಿ ವಕೀಲರು ಮತ್ತೆ ಸುಪ್ರೀಂ ಕೋರ್ಟಿಗೆ ಓಡಿದರು. 2014ರ ಜನವರಿ 21ರಂದು ಕೋರ್ಟು, ಕಾರಣವಿಲ್ಲದೆ ಇಷ್ಟು ವರ್ಷ ಸಾವಿನ ನೆರಳಲ್ಲಿ ಕೂರಿಸುವುದೇ ಚಿತ್ರಹಿಂಸೆ ಎಂದಿತು. ಈ ನಾಲ್ವರೂ ಸೇರಿ ಹದಿನೈದು ಜನರ ಗಲ್ಲು ಜೀವಾವಧಿಗೆ ಇಳಿಯಿತು. ಗಲ್ಲಿನ ಹಗ್ಗಕ್ಕಿಂತ ಗಲ್ಲಿಗೆ ಕಾಯುವುದು ಕ್ರೂರ ಎಂದು ಒಪ್ಪಿಕೊಳ್ಳಲು ನಮ್ಮ ವ್ಯವಸ್ಥೆಗೆ ಅಷ್ಟು ಕಾಲ ಬೇಕಾಯಿತು. ಅಬ್ದುಲ್ ಕರೀಂ ಅವರಿಗಾಗಿ ತೆರೆದ ಬಾಗಿಲೇ ಇವರಿಗೂ ತೆರೆಯಿತು. ತಡವಾಗಿ, ಒಂದು ಸಲ ಮುಖಕ್ಕೆ ಬಡಿದು, ಆಮೇಲೆ.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಹತ್ತಿರ ಪಾಪಾರಪಟ್ಟಿಯಲ್ಲಿ ವೀರಪ್ಪನ್ ಸತ್ತ. ಆಂಬುಲೆನ್ಸ್‌ನಲ್ಲಿ ಕೂರಿಸಿಕೊಂಡು ಹೊರಗೆ ಕರೆತಂದು ಹೊಡೆದರು. ಮರುದಿನ ನಾನಿದ್ದ ಬೀದಿಯಲ್ಲಿ ಪಟಾಕಿ. ನಾನೂ ಹೊರಗೆ ಬಂದು ನೋಡಿದೆ, ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ? ನೂರಕ್ಕೂ ಹೆಚ್ಚು ಜನರನ್ನು ಕೊಂದವನು, ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದ ಎತ್ತಿಕೊಂಡು ಹೋಗಿ ಅವರು ಹೆಣವಾಗಿ ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ಅವನಿಗಾಗಿ ಅಳುವ ದೊಡ್ಡತನ ನನ್ನಲ್ಲಿಲ್ಲ.

ಆದರೆ ಪಟಾಕಿ ಹೊಗೆ ಇಳಿದ ಮೇಲೆ ಒಂದು ಲೆಕ್ಕ ಉಳಿಯಿತು. ಆನೆ ಕೊಂದವನು ಅವನು, ಸರಿ. ದಂತ ಕೊಂಡವರು ಯಾರು? ಗಂಧದ ಲಾರಿಗಳು ಚೆಕ್‌ಪೋಸ್ಟ್ ದಾಟುವಾಗ ಕಣ್ಣು ಮುಚ್ಚಿದವರು ಯಾರು? ಒಬ್ಬನೇ ಮನುಷ್ಯ ಕಾಡಿನಲ್ಲಿ ಕೂತು ಟನ್ನುಗಟ್ಟಲೆ ಮಾಲು ಮಾರಲು ಆಗುತ್ತದಾ? ಇದನ್ನೆಲ್ಲ ಅವನ ಬಾಯಿಂದ ಕೇಳಬಹುದಾಗಿದ್ದ ಜಾಗ ಕಟಕಟೆ ಒಂದೇ. ಆ ರಾತ್ರಿ ಇನ್ಯಾರ್ಯಾರು ನೆಮ್ಮದಿಯಾಗಿ ನಿದ್ದೆ ಮಾಡಿದರೋ. ಗುಂಡು ಬೇಗ ಕೆಲಸ ಮುಗಿಸುತ್ತದೆ ಎಂದು ಮೆಚ್ಚುತ್ತೇವೆ. ಅದು ಪ್ರಶ್ನೆಗಳನ್ನೂ ಅಷ್ಟೇ ಬೇಗ ಮುಗಿಸುತ್ತದೆ.

ವೀರಪ್ಪನ್‌ನ ಮೀಸೆಗೆ ಅಭಿಮಾನಿಗಳಿದ್ದರು, ಈಗಲೂ ಇದ್ದಾರೆ. ಇದು ನಮ್ಮ ಕಡೆಯ ಹುಚ್ಚು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದ. ದೊಡ್ಡ ಅಪರಾಧಿಯ ಉದ್ದೇಶ ಎಷ್ಟೇ ಹೇಸಿಗೆಯದಾಗಿದ್ದರೂ ಜನ ಅವನನ್ನು ಒಳಗೊಳಗೇ ಮೆಚ್ಚುತ್ತಾರಂತೆ. ಅವನು ಮಾಡಿದ್ದಕ್ಕಲ್ಲ, ಆ ಕೆಲಸದಲ್ಲಿ ಎದ್ದು ಕಾಣುವ ಹಿಂಸೆಗೆ. ಬಲಪ್ರಯೋಗ ತನ್ನೊಬ್ಬನ ಹಕ್ಕು ಎಂದುಕೊಂಡ ಕಾನೂನಿಗೆ ಅಂಥವನನ್ನು ಕಂಡರೆ ದಿಗಿಲು. ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು: ಪೊಲೀಸರ ಎನ್‌ಕೌಂಟರಿಗೆ ಹೂವು ಹಾಕುವವರೂ ಡಕಾಯಿತನ ಫೋಟೋ ಆಟೋದ ಹಿಂದೆ ಅಂಟಿಸುವವರೂ ಬೇರೆ ಬೇರೆ ಜನ ಅಲ್ಲ. ಇಬ್ಬರೂ ಮೆಚ್ಚುವುದು ಯಾರನ್ನೂ ಕೇಳದೆ ಏಳುವ ಕೈಯನ್ನು.

ಅದೇ ಕಾಡಿನಲ್ಲಿ ಕೈ ಎತ್ತದೆ ಹೋದವರೂ ಒಬ್ಬರಿದ್ದರು. ಪಿ. ಶ್ರೀನಿವಾಸ್, ಅರಣ್ಯಾಧಿಕಾರಿ, ಆಂಧ್ರದವರು. ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಬಿಡಾರ ಹೂಡಿದರು. ಊರಿಗೆ ಬೇಕಾದ ಕೆಲಸಗಳನ್ನು ಮಾಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತೇನೆ, ಬಾ ಎಂದು ಹೇಳಿ ಕಳಿಸಿದ ಮಾತನ್ನು ನಂಬಿ ಆಯುಧ ಇಲ್ಲದೆ ಹೋದರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದು ತಲೆ ಕತ್ತರಿಸಿದ. ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಶ್ರೀನಿವಾಸ್ ದಾರಿ ಗೆದ್ದಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ತಲೆ ಹೋದ ಮನುಷ್ಯನ ಬಗ್ಗೆ ಹಾಗೆ ಹೇಳುವುದು ಸುಲಭದ ಮಾತು. ಆ ಗುಡಿಯಲ್ಲಿ ದೇವರ ಜೊತೆ ಅವರ ಫೋಟೋ ಇಟ್ಟಿದ್ದಾರೆ ಎನ್ನುವುದಷ್ಟೇ ಹೇಳಬಲ್ಲೆ. ಅವನ ಊರಿನವರೇ ಇಟ್ಟದ್ದು.

ಈಗ ಇದನ್ನೆಲ್ಲ ಬರೆಯಲು ಕಾರಣವಾದವರ ವಿಷಯ. 2008ರಲ್ಲಿ ನಾನು ಕೆಲಸದ ಮೇಲೆ ಕೆಲವು ತಿಂಗಳು ಹನೂರಿನಲ್ಲಿದ್ದೆ. ಅಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕರ ಪರಿಚಯ ಆಯಿತು. ಬೆಟ್ಟದ ಕೆಳಗಿನ ಒಂದು ಹಳ್ಳಿಯವರು. ಸಂತೆಗೆ ಬರುತ್ತಿದ್ದರು. ಮೂರನೆಯ ಸಲ ಸಿಕ್ಕಾಗ, ಮಳೆ ಬಂದು ಬಸ್ಸು ತಡ ಆದ ದಿನ, ತಾನು ಎಂಟು ವರ್ಷ ಮೈಸೂರು ಜೈಲಿನಲ್ಲಿದ್ದೆ ಎಂದರು. ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳಿದರು. ಅಕ್ಕಿ ಕೊಟ್ಟ ಆರೋಪ. "ಕೊಟ್ಟಿದ್ರಾ?" ಎಂದು ಕೇಳಿದೆ. "ಯಾರ್ ಕೊಡ್ದೆ ಇದ್ರು ಸಾ?" ಎಂದರು.

ನನಗೆ ನಾಲಿಗೆ ತಡೆಯಲಿಲ್ಲ. ರಾಜ್‌ಕುಮಾರ್ ವಿಷಯ ತೆಗೆದೆ. ಆಗ ಬಿಟ್ಟಿದ್ದರೆ ಒಂದು ವರ್ಷ ಮುಂಚೆಯೇ ನೀವು ಮನೆಗೆ ಬರುತ್ತಿದ್ದಿರಿ, ಒಬ್ಬರು ಕೋರ್ಟಿಗೆ ಹೋಗಿ ತಡೆದರು, ಅವರ ಮೇಲೆ ಸಿಟ್ಟು ಬರಲಿಲ್ಲವೇ ಎಂದೆ. ಅವರು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬಂತು. ಬರ್ದೆ ಇರ್ತದಾ? ಆ ಒಂದ್ ವರ್ಸದಲ್ಲೇ ನಮ್ಮವ್ವ ಸತ್ತೋದ್ಲು." ಆಮೇಲೆ ಹೊಗೆ ಬಿಟ್ಟು, "ಆದ್ರೆ ಅವ ಬುಡಿಸಿದ್ರೆ ಸಾಯಗಂಟ ನಾವು ಅವನ ಕಡೆಯೋರೇ ಆಯ್ತಿದ್ದೋ. ಕೋರ್ಟು ಬುಡ್ತು ನೋಡಿ" ಎಂದರು. ಅವ್ವನ ಮಾತು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ವಾರ ಬರುವಾಗ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದರು. ಒಳಗೆ ನಾಲ್ಕಾಗಿ ಮಡಚಿದ ಕಾಗದಗಳು, ಮಡಿಕೆಯಲ್ಲಿ ಹರಿದಿದ್ದವು. ತೀರ್ಪಿನ ಕೆಲವು ಹಾಳೆಗಳು, ಇಂಗ್ಲಿಷಿನಲ್ಲಿ. ಏಳು ವರ್ಷದಿಂದ ಇಟ್ಟುಕೊಂಡಿದ್ದರು. ಇದರಲ್ಲಿ ನನ್ನ ಬಗ್ಗೆ ಏನು ಬರೆದವ್ರೆ, ಓದಿ ಹೇಳಿ ಎಂದರು. ಹುಡುಕಿದೆ. ಉದ್ದದ ಪಟ್ಟಿಯ ನಡುವೆ ಅವರ ಹೆಸರು, ಅದರ ಮುಂದೆ ಒಂದು ನಂಬರು. ಕೆಳಗೆ ಇಷ್ಟರಿಂದ ಇಷ್ಟರವರೆಗಿನ ಆರೋಪಿಗಳ ಮೇಲಿನ ಆರೋಪ ರುಜುವಾತಾಗಿಲ್ಲ, ಬಿಡುಗಡೆ ಮಾಡಲಾಗಿದೆ ಎಂಬ ಒಂದು ಸಾಲು. ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಓದಿ ಎಂದರು. ಓದಿದೆ.

"ಇಷ್ಟೇನಾ ಸಾ?"

ಮಿಕ್ಕ ಹಾಳೆಗಳನ್ನೂ ತಿರುವಿ ಹಾಕಿದೆ. ಅವರ ಹೆಸರು ಮತ್ತೆಲ್ಲೂ ಇರಲಿಲ್ಲ. ಹೌದು, ಇಷ್ಟೇ ಎಂದೆ. ಕಾಗದಗಳನ್ನು ಹಳೆಯ ಮಡಿಕೆಯ ಮೇಲೆಯೇ ಮಡಚಿ, ಕವರಿಗೆ ಹಾಕಿ, ಕವರಿನ ಬಾಯಿಗೆ ದಾರ ಸುತ್ತಿದರು. ಬಸ್ಸು ಬಂತು.